ತಡೆದವರ ಲೆಕ್ಕ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ವರ್ಷದ ಅತ್ಯಮೂಲ್ಯ ಆಟಗಾರನನ್ನು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಆರಿಸುತ್ತ ಬಂದು ಆರು ದಶಕ ದಾಟಿದೆ. ಆ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಓದಿದರೆ ರಕ್ಷಣೆಯ ಕಡೆಯವರು ಇಬ್ಬರೇ ಸಿಗುತ್ತಾರೆ: 1971ರಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡದ ಅಲನ್ ಪೇಜ್, 1986ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಲಾರೆನ್ಸ್ ಟೇಲರ್. ಚೆಂಡು ಒದೆಯುವುದಕ್ಕಷ್ಟೇ ಮೈದಾನಕ್ಕೆ ಇಳಿಯುವ ಕಿಕರ್ ಮಾರ್ಕ್ ಮೋಸ್ಲಿ ಅವರಿಗೂ 1982ರಲ್ಲಿ ಈ ಗೌರವ ಸಂದಿದೆ. ಟೇಲರ್ ನಂತರ ಮಾತ್ರ ರಕ್ಷಣೆಯ ಸಾಲಿನಿಂದ ಯಾರೂ ಇಲ್ಲ.

ಆಟದ ಅರ್ಧದಷ್ಟು ಹೊತ್ತು ತಡೆಯುವುದರಲ್ಲೇ ಕಳೆಯುವಾಗ, ತಡೆದವರಿಗೆ ಇಷ್ಟು ಕಡಿಮೆ ಮನ್ನಣೆ ಏಕೆ? ಈ ಪ್ರಶ್ನೆಗೆ ಪ್ರಶಸ್ತಿಯ ಆಚೆಗೂ ಬೇರುಗಳಿವೆ. ರಕ್ಷಣೆಯ ಆಟಗಾರನ ವೃತ್ತಿಜೀವನವನ್ನು ಯಾವುದರಿಂದ ಅಳೆಯಬೇಕು, ಅದಕ್ಕೆ ಎಷ್ಟು ಬೆಲೆ ಕೊಡಬೇಕು, ಅದಕ್ಕಾಗಿ ದೇಹ ತೆತ್ತದ್ದನ್ನು ಯಾರ ಖಾತೆಗೆ ಬರೆಯಬೇಕು ಎಂಬ ಮೂರೂ ವಿಷಯಗಳಲ್ಲಿ ಈ ಆಟದ ಲೆಕ್ಕಪುಸ್ತಕ ಬಹಳ ತಡವಾಗಿ ತೆರೆಯಿತು. ಕೆಲವು ಪುಟಗಳು ಇನ್ನೂ ಖಾಲಿ ಇವೆ.

ಆಟ ಪರಿಚಯವಿಲ್ಲದವರಿಗೆ ಇಷ್ಟು ಸಾಕು. ಎರಡೂ ಕಡೆ ಹನ್ನೊಂದು ಜನ. ಮೈದಾನದ ಉದ್ದ ನೂರು ಯಾರ್ಡ್. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಯಾರ್ಡ್ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು, ಸಾಗದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಎಸೆಯುವ, ಹಂಚುವ, ಆಟ ನಡೆಸುವ ಮನುಷ್ಯ ಕ್ವಾರ್ಟರ್‌ಬ್ಯಾಕ್. ಅವನನ್ನೂ ಅವನ ಚೆಂಡನ್ನೂ ತಡೆಯಲು ಮುಂಚೂಣಿಯಲ್ಲಿ ಭಾರಿ ಮೈಕಟ್ಟಿನ ಲೈನ್‌ಮನ್‌ಗಳು, ಅವರ ಬೆನ್ನಿಗೆ ಲೈನ್‌ಬ್ಯಾಕರ್‌ಗಳು, ಇನ್ನೂ ಹಿಂದೆ ಕಾರ್ನರ್‌ಬ್ಯಾಕ್ ಮತ್ತು ಸೇಫ್ಟಿಗಳು ನಿಲ್ಲುತ್ತಾರೆ. ಕಬಡ್ಡಿ ನೋಡಿದವರಿಗೆ ಈ ಆಟಗಾರರ ಪಾಡು ಬೇಗ ಅರ್ಥವಾದೀತು. ರೈಡರ್‌ನ ಹೆಸರನ್ನು ಅಂಗಳವೆಲ್ಲ ಕೂಗುತ್ತದೆ. ಸರಿಯಾದ ಕ್ಷಣಕ್ಕೆ ಅವನ ಪಾದ ಕಚ್ಚಿ ಹಿಡಿದವನ ಹೆಸರು ಆಟ ಬಲ್ಲವರ ಬಾಯಲ್ಲಿ ಮಾತ್ರ ಉಳಿಯುತ್ತದೆ.

ರಕ್ಷಣೆ ಎನ್ನುವುದೇ ಒಂದು ಪ್ರತ್ಯೇಕ ವೃತ್ತಿಯಾದದ್ದು ಎರಡನೇ ಮಹಾಯುದ್ಧದ ನಂತರ. 1920ರಲ್ಲಿ ಒಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿ ಲೀಗ್ ಹುಟ್ಟಿದಾಗ ಅದೇ ಹನ್ನೊಂದು ಜನ ದಾಳಿಯನ್ನೂ ಆಡುತ್ತಿದ್ದರು, ರಕ್ಷಣೆಯನ್ನೂ ಆಡುತ್ತಿದ್ದರು. 1950ರಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದೆಂಬ ನಿಯಮ ಕಾಯಂ ಆದ ಮೇಲೆ ತಂಡಗಳು ಎರಡು ಪಾಳಿಗಳಾಗಿ ಒಡೆದವು. ಹಳೆಯ ಪದ್ಧತಿಯ ಕೊನೆಯ ದೊಡ್ಡ ಆಟಗಾರ ಫಿಲಡೆಲ್ಫಿಯಾ ಈಗಲ್ಸ್‌ನ ಚಕ್ ಬೆಡ್ನಾರಿಕ್. ಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ 30 ಸಲ ಹಾರಿ ಬಂದವರು. ಆಟ ಇಲ್ಲದ ತಿಂಗಳುಗಳಲ್ಲಿ ಕಾಂಕ್ರೀಟ್ ಮಾರುತ್ತಿದ್ದರು, ಏಕೆಂದರೆ ಆಟದ ಸಂಬಳದಿಂದ ಸಂಸಾರ ಸಾಗುತ್ತಿರಲಿಲ್ಲ. 1960ರ ಫೈನಲ್‌ನಲ್ಲಿ ಎರಡೂ ಪಾಳಿಗಳಲ್ಲಿ ಆಡಿ, ಕೊನೆಯ ಕ್ಷಣಗಳಲ್ಲಿ ಗ್ರೀನ್ ಬೇ ತಂಡದ ಜಿಮ್ ಟೇಲರ್ ಅವರನ್ನು ಗೆರೆಗೆ ಹತ್ತು ಯಾರ್ಡ್ ಒಳಗೆ ಕೆಡವಿ, ಗಡಿಯಾರ ನಿಲ್ಲುವವರೆಗೂ ಮೇಲೇಳಲು ಬಿಡಲಿಲ್ಲ. ಈಗಲ್ಸ್ 17-13ರಿಂದ ಗೆದ್ದಿತು. ಅದೇ ಋತುವಿನಲ್ಲಿ ಅವರ ಒಂದು ಟ್ಯಾಕಲ್‌ನಿಂದ, ಅಂದರೆ ಮೈಮೇಲೆ ಬಿದ್ದು ಕೆಡವಿದ್ದರಿಂದ, ಎದುರಾಳಿ ತಂಡದ ಫ್ರಾಂಕ್ ಗಿಫರ್ಡ್ ತಲೆಗೆ ಪೆಟ್ಟಾಗಿ 1961ರ ಋತುವನ್ನೇ ಕಳೆದುಕೊಂಡರು. ಬೆಡ್ನಾರಿಕ್ ಕುರಿತ ಬರಹಗಳಲ್ಲಿ ಈ ಎರಡೂ ಘಟನೆಗಳು ಒಂದೇ ಉಸಿರಿನಲ್ಲಿ ಬರುತ್ತವೆ. ಗೆಲುವನ್ನೂ ಗಾಯವನ್ನೂ ಒಟ್ಟಿಗೆ ಹೊಗಳುವ ಆ ರೂಢಿ ರಕ್ಷಣೆಯ ಆಟಗಾರರ ಬೆನ್ನಿಗೆ ಅಂದೇ ಅಂಟಿಕೊಂಡಿತು.

ಟಿವಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಜೈಂಟ್ಸ್ ತಂಡದ ಲೈನ್‌ಬ್ಯಾಕರ್ ಸ್ಯಾಮ್ ಹಫ್ 1959ರಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂದರು. ಮರುವರ್ಷ ಸಿಬಿಎಸ್ ವಾಹಿನಿ ಅವರ ಮೈಗೆ ಮೈಕ್ ಕಟ್ಟಿ, ಮೈದಾನದ ಡಿಕ್ಕಿ, ಏದುಸಿರು, ಬೈಗುಳಗಳನ್ನು ಮನೆಮನೆಗೆ ಕೇಳಿಸಿತು. ತಡೆಯುವವನನ್ನು ನೋಡಲೆಂದೇ ಜನ ಬರಬಹುದೆಂದು ಮಾಲೀಕರಿಗೆ ಹೊಳೆದದ್ದು ಆಗ.

ಆದರೆ ಜನ ನೋಡಿದ್ದನ್ನು ಲೀಗ್ ಎಣಿಸಲಿಲ್ಲ. ಲಾಸ್ ಏಂಜಲೀಸ್ ರಾಮ್ಸ್ ತಂಡದ ಡೀಕನ್ ಜೋನ್ಸ್ ಇದಕ್ಕೆ ದೊಡ್ಡ ಸಾಕ್ಷಿ. ಫ್ಲಾರಿಡಾದ ಈಟನ್‌ವಿಲ್ ಊರಿನ ಹುಡುಗ. ನಾಗರಿಕ ಹಕ್ಕುಗಳ ಪ್ರತಿಭಟನೆಯಲ್ಲಿ ಪಾಲ್ಗೊಂಡದ್ದಕ್ಕೆ ಕಾಲೇಜಿನ ವಿದ್ಯಾರ್ಥಿವೇತನ ಕಳೆದುಕೊಂಡವರು. ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1961ರ 14ನೇ ಸುತ್ತಿನಲ್ಲಿ ರಾಮ್ಸ್ ತಂಡ ಅವರನ್ನು ಆರಿಸಿತು. ಅಷ್ಟು ಕೆಳಗಿನ ಸುತ್ತು ಇಂದಿನ ಡ್ರಾಫ್ಟ್‌ನಲ್ಲಿ ಇಲ್ಲವೇ ಇಲ್ಲ. ಚೆಂಡು ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದಕ್ಕೆ ಸ್ಯಾಕ್ ಎಂಬ ಹೆಸರನ್ನು ಬಳಕೆಗೆ ತಂದವರು ಅವರೇ ಎನ್ನುತ್ತಾರೆ. ಆದರೂ ವೈಯಕ್ತಿಕ ಸ್ಯಾಕ್‌ಗಳನ್ನು ಲೀಗ್ ಅಧಿಕೃತವಾಗಿ ಎಣಿಸತೊಡಗಿದ್ದು 1982ರಲ್ಲಿ. ಜೋನ್ಸ್ ನಿವೃತ್ತರಾಗಿ ಎಂಟು ವರ್ಷ ಕಳೆದಿತ್ತು, ಶ್ರೇಷ್ಠ ಆಟಗಾರರ ಗೌರವಮಂದಿರವಾದ ಹಾಲ್ ಆಫ್ ಫೇಮ್ ಸೇರಿಯೂ ಆಗಿತ್ತು. ಅಧಿಕೃತ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಒಂದು ಸ್ಯಾಕ್ ಕೂಡ ಇಲ್ಲ. ಜಾನ್ ಟರ್ನಿ ಮತ್ತು ನಿಕ್ ವೆಬ್‌ಸ್ಟರ್ ಎಂಬ ಇಬ್ಬರು ಸಂಶೋಧಕರು ಹಳೆಯ ಪಂದ್ಯಗಳ ದಾಖಲೆ, ಚಿತ್ರಸುರುಳಿಗಳನ್ನೆಲ್ಲ ಕೆದಕಿ ಕಲೆಹಾಕಿದ ಪಟ್ಟಿ 2021ರಲ್ಲಿ ಪ್ರಕಟವಾದಾಗಲೇ ಜೋನ್ಸ್ ಅವರ ಮೊತ್ತ 173.5 ಎಂದು ಸಾರ್ವಜನಿಕವಾಗಿ ಕಾಣಸಿಕ್ಕಿದ್ದು. ಅಷ್ಟರಲ್ಲಿ ಅವರು ತೀರಿಕೊಂಡು ಎಂಟು ವರ್ಷ. ಬ್ರೂಸ್ ಸ್ಮಿತ್ ಅವರ 200 ಸ್ಯಾಕ್‌ಗಳ ಅಧಿಕೃತ ದಾಖಲೆಯನ್ನು ನಾನು ಕಡಿಮೆ ಅನ್ನುವುದಿಲ್ಲ. ಆದರೆ 1982 ಎಂಬ ಗೋಡೆಯನ್ನು ಲೀಗ್ ಇನ್ನೂ ಏಕೆ ಕಾಯ್ದುಕೊಂಡಿದೆ ಎಂಬುದಕ್ಕೆ ತೃಪ್ತಿ ಕೊಡುವ ಕಾರಣ ನನಗೆ ಸಿಕ್ಕಿಲ್ಲ.

ಎಣಿಸಿದ್ದೆಲ್ಲ ಸರಿಯಾದ ಅಳತೆಯೇ ಎಂಬುದು ಇನ್ನೊಂದು ಕಗ್ಗಂಟು. ಇದು ಕಾರ್ನರ್‌ಬ್ಯಾಕ್‌ಗಳ ವಿಷಯದಲ್ಲಿ ಬಹಳ ಸ್ಪಷ್ಟ. 1952ರಲ್ಲಿ ಡಿಕ್ ಲೇನ್ ಎಂಬ ಹೊಸ ಹುಡುಗ ಹನ್ನೆರಡು ಪಂದ್ಯಗಳಲ್ಲಿ ಎದುರಾಳಿಯ 14 ಎಸೆತಗಳನ್ನು ನಡುವೆಯೇ ಕಸಿದುಕೊಂಡರು. ಋತುವಿನ ಪಂದ್ಯಗಳು ಹದಿನೇಳಕ್ಕೆ ಏರಿದ ಮೇಲೂ ಆ ದಾಖಲೆ ಮುರಿದಿಲ್ಲ. ಹಾಗೆಂದು ಕಸಿದ ಸಂಖ್ಯೆಯೇ ಕಾರ್ನರ್‌ಬ್ಯಾಕ್‌ನ ಯೋಗ್ಯತೆಯಲ್ಲ. ಡಿಯಾನ್ ಸ್ಯಾಂಡರ್ಸ್, ಆಮೇಲೆ ಡಾರೆಲ್ ರೆವಿಸ್ ತಮ್ಮ ಉತ್ತುಂಗದಲ್ಲಿದ್ದಾಗ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳು ಅವರಿದ್ದ ಕಡೆಗೆ ಚೆಂಡು ಎಸೆಯಲು ಹಿಂಜರಿಯುತ್ತಿದ್ದರು. ಆಟಗಾರ ಎಷ್ಟು ಒಳ್ಳೆಯವನೋ ಅವನ ಹೆಸರಿನ ಮುಂದೆ ಅಷ್ಟು ಕಡಿಮೆ ಅಂಕಿಗಳು. ಮೈದಾನದ ಮೂರನೇ ಒಂದು ಭಾಗವನ್ನು ಎದುರಾಳಿಯ ಯೋಜನೆಯಿಂದಲೇ ಅಳಿಸಿಹಾಕಿದ ಮನುಷ್ಯನಿಗೆ ಅಂದಿನ ಅಂಕಿಅಂಶದ ಹಾಳೆಯಲ್ಲಿ ಒಂದು ಸಾಲೂ ಇರುತ್ತಿರಲಿಲ್ಲ. ಈಗ ಪ್ರತಿ ಆಟದ ವಿಡಿಯೊ ನೋಡಿ, ಯಾರನ್ನು ಯಾರು ಕಾಯ್ದರು, ಎಷ್ಟು ಸಲ ಚೆಂಡು ಬಂತು ಎಂದು ದಾಖಲಿಸುವ ಕಂಪನಿಗಳಿವೆ. ಪರಿಸ್ಥಿತಿ ಸುಧಾರಿಸಿದೆ. ಪ್ರಶಸ್ತಿಗೆ ಮತ ಹಾಕುವವರ ಕಣ್ಣು ಮಾತ್ರ ಇನ್ನೂ ಚೆಂಡಿನ ಹಿಂದೆಯೇ ಓಡುತ್ತದೆ. ಕಾಲೇಜು ಮಟ್ಟದ ಹೈಸ್ಮನ್ ಪ್ರಶಸ್ತಿಯನ್ನೇ ನೋಡಿ: ಮುಖ್ಯವಾಗಿ ರಕ್ಷಣೆ ಆಡುತ್ತ ಅದನ್ನು ಗೆದ್ದವರು 1997ರ ಚಾರ್ಲ್ಸ್ ವುಡ್‌ಸನ್ ಒಬ್ಬರೇ. ಅವರೂ ದಾಳಿಯಲ್ಲಿ ಕೆಲವು ಮಿಂಚು ತೋರಿಸಬೇಕಾಯಿತು.

ಪ್ರಶಸ್ತಿ ದಾಳಿಯವರಿಗೇ ಎಂಬ ಈ ಅಲಿಖಿತ ನಿಯಮವನ್ನು ಲಾರೆನ್ಸ್ ಟೇಲರ್ ಒಡೆದದ್ದು ಹೇಗೆ? 1981ರಲ್ಲಿ ಬಂದ ಮೊದಲ ವರ್ಷವೇ ಅವರು ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರ ಎನಿಸಿಕೊಂಡರು. 1986ರಲ್ಲಿ 20.5 ಸ್ಯಾಕ್. ಈ ಅಂಕಿಗಳಿಗಿಂತ ದೊಡ್ಡದು ಎದುರಾಳಿಗಳು ಅವರಿಗಾಗಿ ಮಾಡಿಕೊಂಡ ಬದಲಾವಣೆ. ವಾಷಿಂಗ್ಟನ್ ತಂಡದ ಕೋಚ್ ಜೋ ಗಿಬ್ಸ್, ಟೇಲರ್ ಅವರನ್ನು ಎದುರಿಸಲೆಂದೇ ಆಟಗಾರರನ್ನು ನಿಲ್ಲಿಸುವ ಕ್ರಮ ಬದಲಿಸಿದರು. ಬಲಗೈ ಕ್ವಾರ್ಟರ್‌ಬ್ಯಾಕ್‌ಗೆ ಕಾಣದ ಎಡಬದಿಯನ್ನು ಕಾಯುವ ಲೆಫ್ಟ್ ಟ್ಯಾಕಲ್‌ಗೆ ದೊಡ್ಡ ದೇಹವೂ ಚುರುಕು ಕಾಲೂ ಬೇಕೆಂದು ತಂಡಗಳು ಹುಡುಕತೊಡಗಿದವು. ಮುಂದೆ ಆ ಜಾಗದ ಸಂಬಳ ಏರಿತು. ಎದುರಾಳಿಯ ಸಂಬಳಪಟ್ಟಿಯಲ್ಲಿ ತನ್ನ ಗುರುತು ಬಿಟ್ಟು ಹೋದ ಆಟಗಾರ ಅವರು. 1985ರ ನವೆಂಬರ್‌ನಲ್ಲಿ ಅವರ ಟ್ಯಾಕಲ್‌ನಲ್ಲಿ ವಾಷಿಂಗ್ಟನ್ ಕ್ವಾರ್ಟರ್‌ಬ್ಯಾಕ್ ಜೋ ಥೈಸ್ಮನ್ ಕಾಲು ಮುರಿದು ಮತ್ತೆಂದೂ ಆಡಲಿಲ್ಲ. ಟೇಲರ್ ಮೊಣಕಾಲೂರಿ ಎದ್ದು, ಗಾಬರಿಯಿಂದ ಕೈಬೀಸಿ ವೈದ್ಯರನ್ನು ಕರೆದದ್ದು ದೇಶವೆಲ್ಲ ನೋಡುತ್ತಿದ್ದ ಸೋಮವಾರದ ಪಂದ್ಯದಲ್ಲಿ. ಮೈದಾನದ ಹೊರಗೆ ಅವರ ಬದುಕು ಮಾದಕವಸ್ತು, ಅಮಾನತು, ನ್ಯಾಯಾಲಯಗಳಲ್ಲಿ ಸಿಕ್ಕಿಕೊಂಡಿತು. ಅದನ್ನು ಮುಚ್ಚಿಟ್ಟು ಆಟವನ್ನಷ್ಟೇ ಬರೆಯುವುದು ಪ್ರಾಮಾಣಿಕವಲ್ಲ.

ಅಲನ್ ಪೇಜ್ ಅವರ ಕಥೆ ನನ್ನ ಮನಸ್ಸಿಗೆ ಹೆಚ್ಚು ಹತ್ತಿರ. ಲೀಗ್ ಹುಟ್ಟಿದ ಅದೇ ಕ್ಯಾಂಟನ್‌ನಲ್ಲಿ 1945ರಲ್ಲಿ ಜನಿಸಿದವರು. 1963ರಲ್ಲಿ ಅಲ್ಲಿ ತೆರೆದ ಹಾಲ್ ಆಫ್ ಫೇಮ್ ಕಟ್ಟಡದ ಕೆಲಸದಲ್ಲಿ ಹದಿಹರೆಯದ ಕೂಲಿಯಾಳಾಗಿ ದುಡಿದಿದ್ದರು. 1988ರಲ್ಲಿ ಅದೇ ಕಟ್ಟಡದೊಳಗೆ ಸದಸ್ಯರಾಗಿ ಹೋದರು. ವೈಕಿಂಗ್ಸ್‌ನ ಮುಂಚೂಣಿಯಲ್ಲಿ ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸನ್ ಜೊತೆ ನಿಂತರು. ಆ ಜಾಗಕ್ಕೆ ಅವರದು ಹಗುರ ದೇಹ. ಚೆಂಡು ಅಲುಗಿದ ಕ್ಷಣವೇ ನುಗ್ಗುವ ವೇಗದಿಂದ ಭಾರದ ಕೊರತೆ ತುಂಬಿಸಿಕೊಂಡರು. ಎದುರಾಳಿ ಕೈಜಾರಿಸಿದ 23 ಚೆಂಡುಗಳನ್ನು ಹಿಡಿದರು, 28 ಒದೆತಗಳನ್ನು ತಡೆದರು, ಹದಿನೈದು ಋತುಗಳಲ್ಲಿ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಅನಧಿಕೃತ ಎಣಿಕೆಯಲ್ಲಿ 148.5 ಸ್ಯಾಕ್. ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ನಾಲ್ಕು ಸಲ ಆಡಿದರು, ನಾಲ್ಕನ್ನೂ ಸೋತರು.

ಆಡುತ್ತಿರುವಾಗಲೇ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1978ರಲ್ಲಿ ಪದವಿ ಪಡೆದರು. ಆಟಗಾರರ ಸಂಘದಲ್ಲಿ ಪ್ರತಿನಿಧಿಯಾಗಿ ಮಾಲೀಕರ ಜೊತೆ ವಾದಕ್ಕೆ ಕೂತರು. ಹೆಂಡತಿಯ ಜೊತೆಗೂಡಿ ದೂರದ ಓಟ ಶುರುಮಾಡಿದರು. ಮೈಭಾರ ಇಳಿಯಿತು. ಕೋಚ್ ಬಡ್ ಗ್ರಾಂಟ್‌ಗೆ ಅದು ಹಿಡಿಸಲಿಲ್ಲ. ಕಾನೂನು ಪದವಿ ಕೈಗೆ ಬಂದ ವರ್ಷವೇ ಋತುವಿನ ನಡುವೆ ವೈಕಿಂಗ್ಸ್ ಅವರನ್ನು ಕೈಬಿಟ್ಟಿತು. ಷಿಕಾಗೊ ಬೇರ್ಸ್ 100 ಡಾಲರ್ ಶುಲ್ಕ ಕಟ್ಟಿ ಕರೆದುಕೊಂಡಿತು. ಏಳು ವರ್ಷದ ಹಿಂದೆ ಇಡೀ ಲೀಗಿನ ಅತ್ಯಮೂಲ್ಯ ಆಟಗಾರ ಎಂದು ಕರೆಸಿಕೊಂಡವರ ಬೆಲೆ ಅದು. ಪೇಜ್ ಅಲ್ಲಿ 1981ರವರೆಗೆ ಆಡಿದರು, ಆಮೇಲೆ ಪೂರ್ತಿಯಾಗಿ ವಕೀಲಿ ವೃತ್ತಿಗೆ ಇಳಿದರು. 1993ರಲ್ಲಿ ಮಿನ್ನೆಸೋಟ ಸುಪ್ರೀಂ ಕೋರ್ಟ್‌ನ ಮೊದಲ ಕಪ್ಪುವರ್ಣೀಯ ನ್ಯಾಯಮೂರ್ತಿಯಾಗಿ ಕುಳಿತು, 2015ರಲ್ಲಿ 70ರ ವಯೋಮಿತಿ ತಲುಪಿ ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. ಮೈದಾನದಲ್ಲಿ ಹದಿನೈದು ವರ್ಷ, ನ್ಯಾಯಪೀಠದಲ್ಲಿ ಇಪ್ಪತ್ತೆರಡು. ಆಟಗಾರನ ವೃತ್ತಿಜೀವನ ಎಂದಾಗ ಮೊದಲ ಹದಿನೈದನ್ನಷ್ಟೇ ಎಣಿಸುವುದು ನನಗೆ ಅಪೂರ್ಣವಾಗಿ ಕಾಣುತ್ತದೆ. ಮೂವತ್ತು ದಾಟುತ್ತಲೇ ಮುಗಿದುಹೋಗುವ ಕೆಲಸದ ಜೊತೆಜೊತೆಗೇ ಎರಡನೆಯ ಬದುಕನ್ನು ಕಟ್ಟಿಕೊಳ್ಳಲು ಆಟಗಾರನಿಗೆ ಎಷ್ಟು ಎಡೆಯಿತ್ತು, ತಂಡ ಅದಕ್ಕೆ ಅಡ್ಡ ನಿಂತಿತೇ, ಒತ್ತಾಸೆಯಾಯಿತೇ ಎಂದೂ ಕೇಳಬೇಕು.

ಹಣದ ಲೆಕ್ಕ ಬದಲಾಗಿದ್ದು ಇನ್ನೊಬ್ಬ ರಕ್ಷಣಾ ಆಟಗಾರನ ಹೆಸರಿನಲ್ಲಿ. ಕರಾರು ಮುಗಿದ ಮೇಲೂ ಆಟಗಾರ ತನ್ನಿಷ್ಟದ ತಂಡಕ್ಕೆ ಹೋಗುವುದು 1992ರವರೆಗೆ ಬಹುಮಟ್ಟಿಗೆ ಕೈಗೆಟುಕದ ಮಾತಾಗಿತ್ತು. ಫಿಲಡೆಲ್ಫಿಯಾದ ಡಿಫೆನ್ಸಿವ್ ಎಂಡ್, ಅಂದರೆ ಮುಂಚೂಣಿಯ ಅಂಚಿನಲ್ಲಿ ನಿಲ್ಲುವ ಲೈನ್‌ಮನ್, ರೆಗಿ ವೈಟ್, ಬ್ಯಾಪ್ಟಿಸ್ಟ್ ಪಾದ್ರಿಯೂ ಆಗಿದ್ದವರು, ಆಟಗಾರರ ಪರವಾಗಿ ಲೀಗಿನ ಮೇಲೆ ಹೂಡಿದ ದಾವೆಗೆ ತಮ್ಮ ಹೆಸರು ಕೊಟ್ಟರು. ಆ ದಾವೆ 1993ರಲ್ಲಿ ರಾಜಿಯಲ್ಲಿ ಮುಗಿದು ಆಟಗಾರರಿಗೆ ಮುಕ್ತ ಆಯ್ಕೆಯ ಹಕ್ಕು ಬಂತು. ಮರುವರ್ಷದಿಂದ ತಂಡದ ಒಟ್ಟು ಸಂಬಳಕ್ಕೆ ಮಿತಿಯೂ ಬಂತು. ಹಕ್ಕು ಬಳಸಿದ ಮೊದಲಿಗರಲ್ಲಿ ವೈಟ್ ಪ್ರಮುಖರು. ದೊಡ್ಡ ನಗರಗಳೆಲ್ಲ ಕರೆಯುತ್ತಿರುವಾಗ ಅವರು ಆರಿಸಿದ್ದು ಲೀಗಿನ ಅತಿ ಚಿಕ್ಕ ಊರಾದ ಗ್ರೀನ್ ಬೇ. ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರ್. 1997ರ ಜನವರಿಯ ಸೂಪರ್ ಬೌಲ್‌ನಲ್ಲಿ ಮೂರು ಸ್ಯಾಕ್ ಮಾಡಿ ಆ ಊರಿಗೆ ಕಪ್ ತಂದುಕೊಟ್ಟರು. ಒಟ್ಟು 198 ಸ್ಯಾಕ್. 2004ರ ಡಿಸೆಂಬರ್‌ನಲ್ಲಿ, 43ನೇ ವಯಸ್ಸಿಗೆ ತೀರಿಕೊಂಡರು. ಡಲ್ಲಾಸ್‌ನಿಂದ ರಕ್ಷಣಾ ಆಟಗಾರ ಮೈಕಾ ಪಾರ್ಸನ್ಸ್ 2025ರಲ್ಲಿ ಅದೇ ಗ್ರೀನ್ ಬೇಗೆ ಬಂದು ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರಿನ ಕರಾರಿಗೆ ಸಹಿ ಹಾಕಿದರು. ಕ್ವಾರ್ಟರ್‌ಬ್ಯಾಕ್ ಅಲ್ಲದ ಆಟಗಾರನಿಗೆ ವರ್ಷದ ಲೆಕ್ಕದಲ್ಲಿ ಅಲ್ಲಿಯವರೆಗೆ ಸಿಕ್ಕಿದ್ದರಲ್ಲೇ ಅದು ದೊಡ್ಡದು. ಆ ಸಹಿಯ ಹಿಂದೆ ವೈಟ್ ಅವರ ಸಹಿಯೂ ಇದೆ.

ಇಂಥ ಮೊತ್ತಗಳು ಕಣ್ಣು ಕೋರೈಸುತ್ತವೆ. ಆದರೆ ಹೆಚ್ಚಿನವರ ವೃತ್ತಿ ತೀರ ಚಿಕ್ಕದು. ಆಟಗಾರರ ಸಂಘ ಬಹುಕಾಲದಿಂದ ಹೇಳುತ್ತ ಬಂದ ಸರಾಸರಿ ಮೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಮೊದಲ ವರ್ಷವೇ ತಂಡದ ಅಂತಿಮ ಪಟ್ಟಿಗೆ ಬಂದವರನ್ನಷ್ಟೇ ಎಣಿಸಿ ಲೀಗ್ ಹೇಳುವುದು ಸುಮಾರು ಆರು. ಎರಡರಲ್ಲಿ ಯಾವುದನ್ನು ನಂಬಿದರೂ, ಕರಾರಿನ ಮೊತ್ತದಲ್ಲಿ ಒಂದಷ್ಟು ಮಾತ್ರ ಖಾತರಿ. ಮೊಣಕಾಲು ಕೈಕೊಟ್ಟರೆ ಉಳಿದದ್ದು ಕಾಗದದಲ್ಲೇ ಉಳಿಯುತ್ತದೆ.

ನಿಯಮಗಳೂ ರಕ್ಷಣೆಯವರ ಕೈಕಟ್ಟುತ್ತ ಬಂದಿವೆ. ಎದುರಾಳಿಯ ಹೆಲ್ಮೆಟ್‌ಗೆ ಅಂಗೈಯಿಂದ ಬಾರಿಸುವ ಡೀಕನ್ ಜೋನ್ಸ್ ಅವರ ಹೆಸರಾಂತ ವರಸೆಯನ್ನು 1977ರಲ್ಲಿ ನಿಷೇಧಿಸಿದರು. ಮರುವರ್ಷ, ಚೆಂಡು ಹಿಡಿಯುವವನನ್ನು ಐದು ಯಾರ್ಡ್ ಆಚೆ ಮುಟ್ಟಬಾರದೆಂಬ ನಿಯಮ ಬಂತು. ಪಿಟ್ಸ್‌ಬರ್ಗ್ ತಂಡದ ಮೆಲ್ ಬ್ಲೌಂಟ್ ಅಷ್ಟು ಚೆನ್ನಾಗಿ ತಡೆಯುತ್ತಿದ್ದುದರಿಂದ ಅದಕ್ಕೆ ಅವರದೇ ಹೆಸರು ಅಂಟಿತು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಮೊದಲನೆಯದು ದೇಹ ಉಳಿಸಲು, ಎರಡನೆಯದು ಅಂಕ ಹೆಚ್ಚಿಸಿ ಟಿವಿ ನೋಡುಗರನ್ನು ಹಿಡಿದಿಡಲು. ಆಟ ಮೆತ್ತಗಾಯಿತೆಂದು ದೂರುವ ಹಳಬರು ಈ ವ್ಯತ್ಯಾಸ ಗಮನಿಸುವುದು ಕಡಿಮೆ. 1978ರ ಆಗಸ್ಟ್‌ನಲ್ಲಿ, ಋತು ಇನ್ನೂ ಶುರುವಾಗದ ಅಭ್ಯಾಸಪಂದ್ಯದಲ್ಲಿ, ಓಕ್‌ಲ್ಯಾಂಡ್ ಸೇಫ್ಟಿ ಜ್ಯಾಕ್ ಟೇಟಮ್ ಹೊಡೆತಕ್ಕೆ ಎದುರಾಳಿ ಆಟಗಾರ ಡ್ಯಾರಿಲ್ ಸ್ಟಿಂಗ್ಲಿ ಅವರ ಕುತ್ತಿಗೆ ಮುರಿದು ಬದುಕಿಡೀ ಗಾಲಿಕುರ್ಚಿಯಲ್ಲಿ ಕಳೆಯುವಂತಾಯಿತು. ಅಂಪೈರ್‌ಗಳು ಆ ಹೊಡೆತಕ್ಕೆ ದಂಡ ಹಾಕಲಿಲ್ಲ, ಏಕೆಂದರೆ ಅಂದಿನ ನಿಯಮದ ಪ್ರಕಾರ ಅದು ಸರಿಯಾದ ಆಟವಾಗಿತ್ತು.

ಹೊಡೆಯುವವನ ತಲೆಗೂ ಪೆಟ್ಟು ಬೀಳುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ನೈಜೀರಿಯಾ ಮೂಲದ ರೋಗಶಾಸ್ತ್ರಜ್ಞ ಬೆನೆಟ್ ಒಮಾಲು 2002ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಾಜಿ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮಿದುಳಿನಲ್ಲಿ ಸಿಟಿಇ ಎಂಬ ಕಾಯಿಲೆಯ ಗುರುತು ಕಂಡರು. ಪದೇಪದೇ ಬೀಳುವ ಪೆಟ್ಟಿನಿಂದ ಟೌ ಎಂಬ ಪ್ರೋಟೀನು ಗಂಟುಗಟ್ಟಿ ನರಕೋಶಗಳನ್ನು ಕೆಡಿಸುವ ಕಾಯಿಲೆ ಅದು. ಪ್ರಜ್ಞೆ ತಪ್ಪಿಸುವ ದೊಡ್ಡ ಪೆಟ್ಟೇ ಆಗಬೇಕೆಂದಿಲ್ಲ. ಪ್ರತಿ ಆಟದಲ್ಲೂ ತಲೆ ತಾಗುವ ಸಣ್ಣ ಡಿಕ್ಕಿಗಳು ವರ್ಷಗಟ್ಟಲೆ ಸೇರುತ್ತ ಹೋಗುತ್ತವೆ.

ಡೇವ್ ಡ್ಯುಯರ್‌ಸನ್ ಷಿಕಾಗೊದ 1985ರ ಚಾಂಪಿಯನ್ ತಂಡದ ಸೇಫ್ಟಿ. ನಿವೃತ್ತಿಯ ನಂತರ ಮಾಜಿ ಆಟಗಾರರ ಅಂಗವೈಕಲ್ಯ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವ ಮಂಡಳಿಯಲ್ಲಿ ಕೂತಿದ್ದರು. 2011ರ ಫೆಬ್ರವರಿಯಲ್ಲಿ, 50ನೇ ವಯಸ್ಸಿನಲ್ಲಿ ತಮ್ಮ ಪ್ರಾಣ ತೆಗೆದುಕೊಂಡರು. ಮಿದುಳನ್ನು ಪರೀಕ್ಷೆಗೆ ಕೊಡಿ ಎಂದು ಬರೆದಿಟ್ಟಿದ್ದರು. ಬಾಸ್ಟನ್ ವಿಶ್ವವಿದ್ಯಾಲಯ ಸಿಟಿಇ ಇದೆ ಎಂದು ದೃಢಪಡಿಸಿತು. ಮರುವರ್ಷ ಮೇ ತಿಂಗಳಲ್ಲಿ ಜೂನಿಯರ್ ಸೇವ್ ಹಾಗೆಯೇ ಹೋದರು. ಇಪ್ಪತ್ತು ಋತು ಆಡಿದ, ಸ್ಯಾನ್ ಡಿಯಾಗೊ ನಗರ ಮನೆಮಗನಂತೆ ಪ್ರೀತಿಸಿದ ಲೈನ್‌ಬ್ಯಾಕರ್, ವಯಸ್ಸು 43. ಅವರ ಮಿದುಳಿನಲ್ಲೂ ಅದೇ ಕಾಯಿಲೆ ಇತ್ತು. 2017ರಲ್ಲಿ ಬಾಸ್ಟನ್ ಸಂಶೋಧಕರು ಪರೀಕ್ಷಿಸಿದ 111 ಎನ್‌ಎಫ್‌ಎಲ್ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಸಿಟಿಇ ಕಂಡಿತು. ಲಕ್ಷಣಗಳನ್ನು ಕಣ್ಣಾರೆ ಕಂಡ ಕುಟುಂಬಗಳೇ ಹೆಚ್ಚಾಗಿ ಮಿದುಳು ದಾನ ಮಾಡಿರುವುದರಿಂದ ಈ ಪ್ರಮಾಣವನ್ನು ಎಲ್ಲ ಆಟಗಾರರಿಗೂ ಹೊಂದಿಸಲಾಗದು. ಸಂಶೋಧಕರೇ ಹಾಗೆ ಎಚ್ಚರಿಸಿದ್ದಾರೆ. ಹಾಗೆ ರಿಯಾಯಿತಿ ಕೊಟ್ಟ ಮೇಲೂ ಅದು ತಳ್ಳಿಹಾಕುವ ಸಂಖ್ಯೆಯಲ್ಲ.

ತಲೆಪೆಟ್ಟಿನ ಕುರಿತು ಮಾಜಿ ಆಟಗಾರರು ಲೀಗಿನ ಮೇಲೆ ಹೂಡಿದ ದಾವೆಗೆ 2015ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಿಂದ ಇಲ್ಲಿಯವರೆಗೆ ನೂರು ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಹೋಗಿದೆ. ಆದರೆ ಅದನ್ನು ಲೆಕ್ಕಹಾಕುವಾಗ ಕಪ್ಪುವರ್ಣೀಯರ ಮೂಲ ಬುದ್ಧಿಮಟ್ಟವೇ ಕಡಿಮೆ ಎಂದು ಹಿಡಿಯುವ ಸೂತ್ರ ಬಳಸುತ್ತಿದ್ದರು. ಅದರಿಂದಾಗಿ, ತಮ್ಮ ನೆನಪು ಕುಗ್ಗಿದೆ ಎಂದು ಅವರು ತೋರಿಸುವುದು ಬಿಳಿಯರಿಗಿಂತ ಕಷ್ಟವಾಗುತ್ತಿತ್ತು. ಪಿಟ್ಸ್‌ಬರ್ಗ್‌ನ ಮಾಜಿ ಡಿಫೆನ್ಸಿವ್ ಎಂಡ್ ಕೆವಿನ್ ಹೆನ್ರಿ ಮತ್ತು ನಜೇ ಡಾವೆನ್‌ಪೋರ್ಟ್ 2020ರಲ್ಲಿ ಇದರ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಮರುವರ್ಷ ಲೀಗ್ ಆ ಸೂತ್ರ ಕೈಬಿಡಲು ಒಪ್ಪಿತು. ಈ ಆಟದ ಲೆಕ್ಕಗಳಲ್ಲೆಲ್ಲ ನನಗೆ ಅತಿ ಹೇಯವೆನಿಸಿದ್ದು ಇದೇ.

2015ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಇಬ್ಬರು ಲೈನ್‌ಬ್ಯಾಕರ್‌ಗಳು ಒಂದೇ ವಾರದ ಅಂತರದಲ್ಲಿ ಆಟ ಬಿಟ್ಟರು. ಪ್ಯಾಟ್ರಿಕ್ ವಿಲ್ಲಿಸ್‌ಗೆ 30 ವರ್ಷ, ಎಂಟು ಋತು ಆಡಿದ್ದರು, ಪಾದಗಳು ಸಹಕರಿಸುತ್ತಿರಲಿಲ್ಲ. ಕ್ರಿಸ್ ಬೋರ್ಲೆಂಡ್‌ಗೆ 24, ಆಡಿದ್ದು ಒಂದೇ ಋತು, ಅದೂ ಅಮೋಘವಾಗಿ. ತಲೆಗೆ ಬೀಳುವ ಪೆಟ್ಟಿನ ಬಗ್ಗೆ ಓದಿ, ತಜ್ಞರನ್ನು ಕೇಳಿ, ಸಾಕು ಎಂದರು. ಸಹಿಯ ವೇಳೆ ಸಿಕ್ಕ ಹಣದ ಬಹುಪಾಲನ್ನು ಮರಳಿಸಿದರು. 2020ರಲ್ಲಿ ಕ್ಯಾರೊಲೈನಾದ ಲ್ಯೂಕ್ ಕೀಕ್ಲಿ 28ಕ್ಕೇ ನಿಂತರು. ಮೂರು ಸಲ ವರ್ಷದ ರಕ್ಷಣಾ ಆಟಗಾರನಾದ ಆರನ್ ಡೊನಾಲ್ಡ್ 2024ರಲ್ಲಿ, ಇನ್ನೂ ಕೈಕಾಲು ಗಟ್ಟಿಯಿರುವಾಗಲೇ 32ಕ್ಕೆ ಬೀಳ್ಕೊಂಡರು. ವಿಲ್ಲಿಸ್ 2024ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಎಂಟು ವರ್ಷದ ವೃತ್ತಿಯೂ ಪೂರ್ಣ ವೃತ್ತಿಯೇ ಎಂದು ಆಯ್ಕೆ ಸಮಿತಿ ಒಪ್ಪಿದ್ದು ನನಗೆ ದೊಡ್ಡ ಬದಲಾವಣೆಯಾಗಿ ಕಾಣುತ್ತದೆ.

ಬೇಗ ಬಿಡುವವರು ಜಾಣರು, ಉಳಿಯುವವರು ಅಲ್ಲ ಎಂದು ವಿಂಗಡಿಸುವುದು ಸುಲಭ, ಆದರೆ ಸರಿಯಲ್ಲ. ಬಫಲೊ ತಂಡದ ಸೇಫ್ಟಿ ಡಮಾರ್ ಹ್ಯಾಮ್ಲಿನ್ 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಟ್ಯಾಕಲ್ ಮಾಡಿ ಎದ್ದು ನಿಂತವರು ಹಾಗೇ ಕುಸಿದರು. ಎದೆಗೆ ಬಿದ್ದ ಪೆಟ್ಟಿಗೆ ಹೃದಯ ನಿಂತಿತ್ತು. ತಂಡದ ಸಹಾಯಕ ಟ್ರೇನರ್ ಡೆನ್ನಿ ಕೆಲಿಂಗ್ಟನ್ ಮೈದಾನದಲ್ಲೇ ಎದೆ ಒತ್ತಿ ಜೀವ ಉಳಿಸಿದರು. ಅದೇ ವರ್ಷ ಹ್ಯಾಮ್ಲಿನ್ ಮತ್ತೆ ಆಡಲು ಇಳಿದರು. ವೈದ್ಯರು ಹೃದಯ ಸರಿಯಿದೆ ಎಂದಿದ್ದರು, ನಿರ್ಧಾರ ಅವರದು. ಸಿಟಿಇ ವಿಷಯದಲ್ಲಿ ಅಂಥ ವೈದ್ಯರ ಮಾತೂ ಸಿಗುವುದಿಲ್ಲ, ಏಕೆಂದರೆ ಆ ಕಾಯಿಲೆಯನ್ನು ಖಚಿತವಾಗಿ ಹೇಳಲು ಇಂದಿಗೂ ಸಾಧ್ಯವಾಗುವುದು ಮರಣಾನಂತರ ಮಿದುಳನ್ನು ಕೊಯ್ದು ನೋಡಿದಾಗ ಮಾತ್ರ. ಬದುಕಿರುವ ಆಟಗಾರನ ಮಿದುಳಿನಲ್ಲಿ ಅದನ್ನು ನೆಚ್ಚಿಕೊಳ್ಳುವಂತೆ ಗುರುತಿಸುವ ಸ್ಕ್ಯಾನ್ ಅಥವಾ ರಕ್ತಪರೀಕ್ಷೆಗಾಗಿ ಹಲವು ಪ್ರಯೋಗಾಲಯಗಳು ದುಡಿಯುತ್ತಿವೆ. ಅದು ಬರುವವರೆಗೆ, ಇಪ್ಪತ್ತೆರಡನೇ ವಯಸ್ಸಿಗೆ ಲೀಗಿಗೆ ಕಾಲಿಡುವ ಲೈನ್‌ಬ್ಯಾಕರ್ ತಾನು ಎಷ್ಟು ತೆತ್ತಿದ್ದೇನೆಂದು ತಿಳಿಯದೆಯೇ ಮುಂದಿನ ಕರಾರಿಗೆ ಸಹಿ ಹಾಕಬೇಕಾಗಿದೆ.